ಇಂಜಿನ್ ಬಿಚ್ಚಿದ್ದಾಗಿದೆ, ಕೈಯಲ್ಲಿ ದುಡ್ಡು ಕಡಿಮೆ: ಯಾವ ಹಳೆ ಪಾರ್ಟು ಉಳಿಸಬೇಕು, ಯಾವುದನ್ನು ಬಿಡಬೇಕು

"ಹೊಸ ರಿಂಗ್ ಹಾಕಿಸಿದೆ ರೀ, ಎರಡು ತಿಂಗಳಿಗೆ ಮತ್ತೆ ಹೊಗೆ." ಹುಬ್ಬಳ್ಳಿ-ಧಾರವಾಡದ ಕಡೆ ಹಳೆ ಬೈಕ್ ಓಡಿಸುವವರ ಬಾಯಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಹಳೆ ಪಾರ್ಟು ಇಟ್ಟುಕೊಂಡು ಇಂಜಿನ್ ಕಟ್ಟುವುದು ತಪ್ಪಲ್ಲ, ನಾನೂ ಅದನ್ನೇ ಮಾಡುತ್ತೇನೆ. ಆದರೆ ನೂರು ರೂಪಾಯಿ ಉಳಿಸಲು ಹೋಗಿ ಸಾವಿರದ್ದನ್ನು ಹಾಳು ಮಾಡಿಕೊಳ್ಳುವವರು, ಅಳತೆ ನೋಡದೆ "ನಡೀತೈತಿ ಬಿಡು" ಅನ್ನುವವರು ಜಾಸ್ತಿ.

ಇಲ್ಲಿ ಉದಾಹರಣೆಗೆ ಸ್ಪ್ಲೆಂಡರ್‌ನ 97.2 ಸಿಸಿ ಇಂಜಿನ್ ಇಟ್ಟುಕೊಂಡಿದ್ದೇನೆ. ಬೋರ್ (ಪಿಸ್ಟನ್ ಓಡಾಡುವ ಕೊಳವೆ, ಅದರ ಅಗಲ) 50 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 49.5 ಮಿ.ಮೀ. ನಮ್ಮ ಕಡೆ ಹಾಲಿನ ಕ್ಯಾನು, ಮೇವಿನ ಹೊರೆ, ಗೊಬ್ಬರದ ಚೀಲ ಹೊತ್ತು ಸವೆಯುವ ಇಂಜಿನ್ ಇದೇ ಅಲ್ವಾ. ಬೇರೆ ಗಾಡಿಯಾದರೆ ಕ್ರಮ ಇದೇ, ಅಳತೆ ಮಾತ್ರ ಆ ಗಾಡಿಯ ಸರ್ವಿಸ್ ಮ್ಯಾನ್ಯುಯಲ್‌ನದ್ದು.

ಮೊದಲು ಒಂದು ಲೆಕ್ಕ ತಲೆಯಲ್ಲಿ ಇಟ್ಟುಕೊಳ್ಳಿ. ಕೆಲವು ಪಾರ್ಟು ಹೋದರೆ ತಾನೊಂದೇ ಹೋಗುತ್ತದೆ. ಕೆಲವು ಹೋಗುವಾಗ ಇನ್ನೂ ನಾಲ್ಕನ್ನು ಎಳೆದುಕೊಂಡು ಹೋಗುತ್ತವೆ. ಕ್ಲಚ್ ಪ್ಲೇಟ್ ಮೊದಲನೆಯ ಜಾತಿ: ಜಾರಲು ಶುರುವಾದಾಗ ಗೊತ್ತಾಗುತ್ತದೆ, ಬಲಗಡೆ ಕವರ್ ತೆಗೆದರೆ ಕೈಗೆ ಸಿಗುತ್ತದೆ, ಆಮೇಲೆ ಬದಲಾಯಿಸಿದರೂ ನಡೆಯುತ್ತದೆ. ಪಿಸ್ಟನ್ ಪಿನ್‌ನ ಸರ್ಕ್ಲಿಪ್ (ಪಿನ್ ಜಾರದಂತೆ ತಡೆಯುವ ಸಣ್ಣ ತಂತಿ ಬಳೆ) ಎರಡನೆಯ ಜಾತಿ. ನಾಲ್ಕಾಣೆ ಸಾಮಾನು, ಕಳಚಿಕೊಂಡರೆ ಬೋರ್ ಸೀಳುತ್ತದೆ. ಮೊದಲನೆಯ ಜಾತಿಯದ್ದನ್ನು ಧೈರ್ಯವಾಗಿ ಉಳಿಸಿ. ಎರಡನೆಯದರಲ್ಲಿ ಜಿಪುಣತನ ಬೇಡ.

## ಹಂತ 1: ಬಿಚ್ಚುವ ಮೊದಲು ಗಾಡಿಯ ಮಾತು ಕೇಳಿ

ಇಂಜಿನ್ ಬಿಚ್ಚಿದ ಮೇಲೆ ಅದು ಏನನ್ನೂ ಹೇಳುವುದಿಲ್ಲ. ಹಾಗಾಗಿ ಓಡುತ್ತಿರುವಾಗಲೇ ನೋಡಿ ಬರೆದಿಟ್ಟುಕೊಳ್ಳಿ.

ಎಕ್ಸಲರೇಟರ್ ಕೊಟ್ಟಾಗಲೆಲ್ಲ ನೀಲಿ ಹೊಗೆ ಬಂದರೆ ಪಿಸ್ಟನ್ ಸುತ್ತಲಿನ ರಿಂಗ್, ಬೋರ್ ಕಡೆ ಅನುಮಾನ. ಬೆಳಗ್ಗೆ ಮೊದಲ ಕಿಕ್‌ಗೆ ಒಂದು ಬುಗ್ಗೆ ಹೊಗೆ ಬಂದು ಆಮೇಲೆ ನಿಂತರೆ, ಅಥವಾ ಇಳಿಜಾರಿನಲ್ಲಿ ಎಕ್ಸಲರೇಟರ್ ಬಿಟ್ಟು ಇಳಿದು ಮತ್ತೆ ಕೊಟ್ಟ ಕೂಡಲೇ ಹೊಗೆ ಬಂದರೆ ವಾಲ್ವ್ ಸೀಲ್, ಗೈಡ್ (ವಾಲ್ವ್ ಕಡ್ಡಿ ಓಡಾಡುವ ಕೊಳವೆ) ಕಡೆ ಅನುಮಾನ. ಎರಡಕ್ಕೂ ಖರ್ಚು ಬೇರೆ ಬೇರೆ. ಸೀಲ್‌ನಿಂದ ಹೋಗುವ ಹೊಗೆಗೆ ಬೋರಿಂಗ್ (ಬೋರನ್ನು ಕೊರೆದು ಅಗಲ ಮಾಡುವುದು) ಮಾಡಿಸಿಕೊಂಡು ಬಂದವರನ್ನು ನೋಡಿದ್ದೇನೆ.

ಪ್ಲಗ್ ತೂತಿಗೆ ಹಾಕಿ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಸಿಕ್ಕರೆ ಇನ್ನೂ ಒಳ್ಳೆಯದು. ಸ್ವಿಚ್ ಆಫ್ ಮಾಡಿ, ಎಕ್ಸಲರೇಟರ್ ಪೂರ್ತಿ ತಿರುಗಿಸಿ ಹಿಡಿದು, ಏಳೆಂಟು ಕಿಕ್ ಹೊಡೆದು ಓದಿಕೊಳ್ಳಿ. ಆಮೇಲೆ ಪ್ಲಗ್ ತೂತಿನಲ್ಲಿ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಒತ್ತಡ ಚೆನ್ನಾಗಿ ಏರಿದರೆ ಸೋರುತ್ತಿರುವುದು ರಿಂಗ್ ಹತ್ತಿರ. ಏರದಿದ್ದರೆ ವಾಲ್ವ್. ಈ ಇಂಜಿನ್‌ನಲ್ಲಿ ಸಿಲಿಂಡರ್ ಹೆಚ್ಚುಕಡಿಮೆ ಮಲಗಿಕೊಂಡೇ ಇರುತ್ತದೆ, ಎಣ್ಣೆ ಕೆಳಗಿನ ಗೋಡೆಯಲ್ಲೇ ನಿಂತುಬಿಡುತ್ತದೆ, ಅದಕ್ಕೆ ಎಣ್ಣೆ ಬಿಟ್ಟ ಮೇಲೆ ನಾಲ್ಕು ಕಿಕ್ ಹೊಡೆದು ಹರಡಿಸಿ ಆಮೇಲೆ ಅಳೆಯಿರಿ.

ಇನ್ನೊಂದು ಪ್ರಶ್ನೆ ಇದೆ, ಇದನ್ನು ಯಾರೂ ಕೇಳಿಕೊಳ್ಳುವುದಿಲ್ಲ: ಇಂಜಿನ್ ಸವೆದದ್ದು ಯಾಕೆ? ನವಲಗುಂದ, ಅಣ್ಣಿಗೇರಿ ಕಡೆ ಬೇಸಿಗೆಯಲ್ಲಿ ಎರೆಮಣ್ಣಿನ ಧೂಳು ಹಿಟ್ಟಿನ ಹಾಗೆ ಏಳುತ್ತದೆ. ಏರ್ ಫಿಲ್ಟರ್ ಡಬ್ಬಿಯಿಂದ ಕಾರ್ಬುರೇಟರ್‌ಗೆ ಬರುವ ರಬ್ಬರ್ ಸೀಳಿದ್ದರೆ ಆ ಧೂಳೆಲ್ಲ ಸೀದಾ ಬೋರ್‌ಗೆ ಹೋಗುತ್ತದೆ. ಆ ರಬ್ಬರ್ ಬದಲಾಯಿಸದೆ ಮೇಲೆ ಎಷ್ಟು ಖರ್ಚು ಮಾಡಿದರೂ ನೀರಿನಲ್ಲಿ ಹೋಮ. ಕಾರ್ಬುರೇಟರ್ ಬಿಚ್ಚಿ ಅದರ ಬಾಯಿಯ ಒಳಗೆ ಬೆರಳಾಡಿಸಿ. ಮಣ್ಣು ಹತ್ತಿದರೆ ಕಾರಣ ಸಿಕ್ಕಿತು.

## ಹಂತ 2: ಬೇಕಾಗುವ ಸಾಮಾನು

ಟಿ ಪಾನಾ 8, 10, 12, 14. ಕವರ್ ಸ್ಕ್ರೂಗಳಿಗೆ ಇಂಪ್ಯಾಕ್ಟ್ ಸ್ಕ್ರೂಡ್ರೈವರ್, ಇಲ್ಲದಿದ್ದರೆ ಅರ್ಧ ಸ್ಕ್ರೂಗಳ ತಲೆ ಹಾರುತ್ತದೆ. ಮ್ಯಾಗ್ನೆಟ್ ಪುಲ್ಲರ್ (ಎಡಗಡೆ ಕವರ್ ಒಳಗೆ, ಕ್ರ್ಯಾಂಕ್ ದಂಡದ ತುದಿಯಲ್ಲಿರುವ ಭಾರದ ಚಕ್ರಕ್ಕೆ ಮ್ಯಾಗ್ನೆಟ್ ಅನ್ನುತ್ತೇವೆ, ಅದನ್ನು ಎಳೆಯಲು). ಸರ್ಕ್ಲಿಪ್ ಇಕ್ಕಳ. ವಾಲ್ವ್ ಸ್ಪ್ರಿಂಗ್ ಒತ್ತುವ ಕ್ಲ್ಯಾಂಪ್. ಟಾರ್ಕ್ ಪಾನಾ ಒಂದು ದಿನಕ್ಕೆ ಯಾರ ಹತ್ತಿರವಾದರೂ ಕೇಳಿ ತನ್ನಿ.

ಇದೆಲ್ಲಕ್ಕಿಂತ ಮುಖ್ಯ ಒಂದು ಫೀಲರ್ ಗೇಜ್, ಅಂದರೆ ಸಂದು ಅಳೆಯುವ ತೆಳು ಪಟ್ಟಿಗಳ ಗೊಂಚಲು. ಈ ಕೆಲಸಕ್ಕೆ ಒಂದೇ ಒಂದು ಸಾಮಾನು ಕೊಳ್ಳುವುದಾದರೆ ಅದನ್ನು ಕೊಳ್ಳಿ. ವರ್ನಿಯರ್ ಇದ್ದರೆ ಕ್ಲಚ್ ಪ್ಲೇಟ್ ಅಳೆಯಲು ಸಾಕು, ಬೋರ್ ಅಳೆಯಲು ಸಾಲದು. ಅಲ್ಲಿ 0.01 ಮಿ.ಮೀ. ಲೆಕ್ಕ ಬೇಕು. ಅದಕ್ಕೆ ಬೋರಿಂಗ್ ಮಾಡುವವರ ಬೋರ್ ಗೇಜ್, ಮೈಕ್ರೋಮೀಟರ್ ಇದೆ. ಗೋಕುಲ ರೋಡ್ ಕಡೆಯೋ ಧಾರವಾಡದ ಲಕಮನಹಳ್ಳಿ ಕಡೆಯೋ ಪರಿಚಯದ ಲೇಥ್ ಇದ್ದರೆ, "ಬರೀ ಅಳತೆ ನೋಡಿ ಹೇಳ್ರಿ" ಅಂತ ಕೇಳಲು ನಾಚಿಕೆ ಬೇಡ.

## ಹಂತ 3: ಬಿಚ್ಚುವಾಗ ಗುರುತು

ಹಳೆ ಪಾರ್ಟು ಮತ್ತೆ ಹಾಕುವವರು ಒಂದು ವಿಷಯ ಮರೆಯಬಾರದು. ಸವೆದ ಎರಡು ಪಾರ್ಟು ಒಂದಕ್ಕೊಂದು ಹೊಂದಿಕೊಂಡು ಸವೆದಿರುತ್ತವೆ. ವಾಲ್ವ್ ಒತ್ತುವ ಇನ್‌ಲೆಟ್ ರಾಕರ್, ಅದನ್ನು ಎತ್ತುವ ಕ್ಯಾಮ್‌ನ ಇನ್‌ಲೆಟ್ ಉಬ್ಬಿನ ಜೊತೆ ಸವೆದಿದೆ. ಅದನ್ನು ಎಕ್ಸಾಸ್ಟ್ ಕಡೆ ಹಾಕಿದರೆ ಎರಡೂ ಹೊಸದಾಗಿ ಒಂದನ್ನೊಂದು ಕೆರೆಯುತ್ತವೆ. ಹೊಸ ಪಾರ್ಟು ಹಾಕುವವನಿಗೆ ಈ ತಲೆನೋವಿಲ್ಲ, ನಮಗೆ ಇದೆ.

ಮೊಟ್ಟೆ ಟ್ರೇ ಒಂದು ತನ್ನಿ. ಬಿಚ್ಚಿದ ಕ್ರಮದಲ್ಲೇ ಒಂದೊಂದು ಗುಣಿಯಲ್ಲಿ ಇಡುತ್ತಾ ಹೋಗಿ, ಪಕ್ಕದಲ್ಲಿ ಪೆನ್ನಿನಲ್ಲಿ ಬರೆಯಿರಿ. ಹೆಡ್‌ನ (ವಾಲ್ವ್ ಇರುವ ಭಾಗ) ನಟ್ ಮತ್ತು ತಾಮ್ರದ ವಾಶರ್ ಎಲ್ಲಿದ್ದವೋ ಅಲ್ಲೇ ಹೋಗಬೇಕು. ಕ್ಲಚ್ ಪ್ಲೇಟ್‌ಗಳನ್ನು ತಂತಿಯಲ್ಲಿ ಪೋಣಿಸಿಡಿ, ಹಿಂದುಮುಂದಾಗುವುದಿಲ್ಲ. ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೋ ಹೊಡೆಯಿರಿ.

ಹೆಡ್ ಬಿಚ್ಚುವ ಮೊದಲು ಮ್ಯಾಗ್ನೆಟ್ ಮೇಲಿನ ಟಿ ಗುರುತು ಕೇಸಿನ ಗುರುತಿಗೆ ಎದುರು ಬರುವ ಹಾಗೆ ತಿರುಗಿಸಿ, ಕ್ಯಾಮ್ ಸ್ಪ್ರಾಕೆಟ್ ಗುರುತು ಹೆಡ್ ಗುರುತಿಗೆ ಸರಿಯಾಗಿ ನಿಂತಿದೆಯಾ ನೋಡಿ. ಎರಡೂ ಒಟ್ಟಿಗೆ ಕೂಡದೆ ಅರ್ಧ ಹಲ್ಲಿನಷ್ಟು ಸರಿದಿದ್ದರೆ ಕ್ರ್ಯಾಂಕಿನಿಂದ ಕ್ಯಾಮ್ ತಿರುಗಿಸುವ ಟೈಮಿಂಗ್ ಚೈನ್ ಉದ್ದವಾಗಿದೆ ಅಂತ ಈಗಲೇ ಗೊತ್ತಾಯಿತು.

ಬ್ಲಾಕ್ (ಬೋರ್ ಇರುವ ಭಾಗ) ಎಳೆದ ತಕ್ಷಣ ಕ್ರ್ಯಾಂಕ್‌ಕೇಸಿನ ಬಾಯಿಗೆ ಬಟ್ಟೆ ತುರುಕಿ. ಆಮೇಲೆ ಸರ್ಕ್ಲಿಪ್ ಮುಟ್ಟಿ. ಮೊದಲ ಸಲ ಮಾಡಿದಾಗ ನಾನು ಬಟ್ಟೆ ಇಟ್ಟಿರಲಿಲ್ಲ. ಟಿಣ್ ಅಂದಿತು, ಎಲ್ಲಿಗೆ ಹೋಯಿತು ಗೊತ್ತಿಲ್ಲ. ಮೂರು ತಾಸು ಅಂಗಳ ಗುಡಿಸಿದೆವು, ಕೊನೆಗೆ ದಾರಕ್ಕೆ ಆಯಸ್ಕಾಂತ ಕಟ್ಟಿ ಕ್ರ್ಯಾಂಕ್‌ಕೇಸಿನಿಂದ ಮೇಲೆತ್ತಿದೆ.

## ಹಂತ 4: ತೊಳೆಯುವುದು

ತೊಳೆಯದೆ ಪರೀಕ್ಷೆ ಮಾಡಬೇಡಿ. ಎಣ್ಣೆಯ ಪದರ ಸಡಿಲವನ್ನು ಮುಚ್ಚಿಡುತ್ತದೆ. ಡೀಸೆಲ್ ಅಥವಾ ಸೀಮೆಎಣ್ಣೆ ಸಾಕು. ಪೆಟ್ರೋಲ್ ಬಳಸುವುದಾದರೆ ಬಯಲಿನಲ್ಲಿ, ಬೀಡಿ ಸೇದುವ ಗೆಳೆಯರನ್ನು ದೂರ ಕಳಿಸಿ.

ಬಲಗಡೆ ಕವರ್ ಒಳಗೆ ಕ್ರ್ಯಾಂಕ್ ತುದಿಯಲ್ಲಿ ತಿರುಗುವ ಆಯಿಲ್ ಫಿಲ್ಟರ್ ಬಟ್ಟಲು ಇರುತ್ತದೆ. ಅದರ ಮುಚ್ಚಳ ತೆಗೆದು ನೋಡಿ. ಗೋಡೆಗೆ ಮೆತ್ತಿದ ಕಪ್ಪು ಕೆಸರನ್ನು ಬೆರಳಿನಲ್ಲಿ ಉಜ್ಜಿ ಬಿಸಿಲಿಗೆ ಹಿಡಿಯಿರಿ. ಬೂದು ಬಣ್ಣದ ಮೆತ್ತನೆ ಹೊಳಪು ಇದ್ದರೆ ಅಲ್ಯೂಮಿನಿಯಂ, ಅಂದರೆ ಪಿಸ್ಟನ್ ಸವೆದಿದೆ. ಆಯಸ್ಕಾಂತಕ್ಕೆ ಅಂಟುವ ಚೂರು ಇದ್ದರೆ ಗೇರ್, ಬೇರಿಂಗ್, ಕ್ಯಾಮ್ ಕಡೆ ಹುಡುಕಬೇಕು. ಕೆಳಗಿನ ಜಾಲರಿಯನ್ನೂ ತೆಗೆದು ತೊಳೆಯಿರಿ. ಈ ಎರಡು ಕೆಲಸಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಆದರೂ ಬಿಟ್ಟುಬಿಡುವವರೇ ಹೆಚ್ಚು.

## ಹಂತ 5: ಮೊದಲು ಕಾನ್‌ರಾಡ್, ಆಮೇಲೆ ಪಿಸ್ಟನ್

ಎಲ್ಲರೂ ಮೇಲಿನಿಂದ ಶುರು ಮಾಡುತ್ತಾರೆ. ಹೆಡ್ ನೋಡುತ್ತಾರೆ, ಪಿಸ್ಟನ್ ಕೊಳ್ಳುತ್ತಾರೆ, ಬೋರಿಂಗ್ ಮಾಡಿಸುತ್ತಾರೆ, ಆಮೇಲೆ ಕಾನ್‌ರಾಡ್ (ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ರಾಡ್) ಅಲ್ಲಾಡುತ್ತಿದೆ ಅಂತ ಗೊತ್ತಾಗುತ್ತದೆ, ಅಷ್ಟರಲ್ಲಿ ಕೈಯಲ್ಲಿದ್ದ ದುಡ್ಡು ಮುಗಿದಿರುತ್ತದೆ. ಕೆಳಗಿನದ್ದನ್ನು ಮೊದಲು ನೋಡಿ. ಹೆಡ್, ಬ್ಲಾಕ್ ಕೆಲಸ ಈ ಗಾಡಿಯಲ್ಲಿ ಇಂಜಿನ್ ಇಳಿಸದೆ ಆಗುತ್ತದೆ. ಕಾನ್‌ರಾಡ್ ಹೋಗಿದ್ದರೆ ಇಂಜಿನ್ ಇಳಿಸಿ ಕೇಸ್ ಎರಡು ಹೋಳು ಮಾಡಲೇಬೇಕು. ಬಜೆಟ್ಟೇ ಬೇರೆ.

ಪರೀಕ್ಷೆ ಹೀಗೆ. ಡೀಸೆಲ್ ಹಾಕಿ ತೊಳೆದು ಒಣಗಿಸಿ. ಕ್ರ್ಯಾಂಕ್ ತಿರುಗಿಸಿ ರಾಡ್ ಪೂರ್ತಿ ಹೊರಗೆ ಬಂದಿರುವಂತೆ ನಿಲ್ಲಿಸಿ, ಕ್ರ್ಯಾಂಕ್ ತಿರುಗದ ಹಾಗೆ ಒಬ್ಬರು ಮ್ಯಾಗ್ನೆಟ್ ಹಿಡಿಯಲಿ. ರಾಡನ್ನು ಅದರ ಉದ್ದಕ್ಕೆ ಎಳೆಯಿರಿ, ಒತ್ತಿರಿ. ಸ್ವಲ್ಪವಾದರೂ ಟಕ್ ಅಂತ ಕೈಗೆ ಬಡಿದರೆ ರಾಡ್ ಮುಗಿಯಿತು. ಇಲ್ಲಿ "ಇನ್ನೊಂದು ಸೀಸನ್ ನಡೆಸೋಣ" ಅನ್ನುವ ಮಾತೇ ಇಲ್ಲ. ತುಂಡಾದರೆ ಕೇಸನ್ನೇ ಒಡೆಯುತ್ತದೆ.

ಅಕ್ಕಪಕ್ಕ ಸ್ವಲ್ಪ ಸರಿದಾಡುವುದು ಬೇರೆ. ಅದು ಇರಲೇಬೇಕು. ಇದನ್ನು ಸಡಿಲ ಅಂತ ತಿಳಿದು ಚೆನ್ನಾಗಿರುವ ಕ್ರ್ಯಾಂಕ್ ಬಿಚ್ಚಿಸಿದವರೂ ಇದ್ದಾರೆ.

ಹೊಸ ಕಾನ್‌ರಾಡ್ ಕಿಟ್ ಹಾಕಿಸಬೇಕಾಗಿ ಬಂದರೆ ಪ್ರೆಸ್ ಇರುವ, ಒತ್ತಿದ ಮೇಲೆ ಡಯಲ್ ಗೇಜ್ ಇಟ್ಟು ಕ್ರ್ಯಾಂಕ್ ನೇರ ಇದೆಯಾ ನೋಡುವ ಕಡೆಯೇ ಕೊಡಿ. ಸುತ್ತಿಗೆಯಲ್ಲಿ ಬಡಿದು ಕಣ್ಣಳತೆಯಲ್ಲಿ ಕೂಡಿಸಿದ ಕ್ರ್ಯಾಂಕ್ ಗಾಡಿಯನ್ನು ನಡುಗಿಸುತ್ತದೆ, ಬೇರಿಂಗನ್ನೂ ತಿನ್ನುತ್ತದೆ.

ರಾಡಿನ ಸಣ್ಣ ತೂತಿನಲ್ಲಿ ಪಿನ್ ಹಾಕಿ ಅಲ್ಲಾಡಿಸಿ. ಸಲೀಸಾಗಿ ತಿರುಗಬೇಕು, ಓಲಾಡಬಾರದು. ಪಿನ್ ಮೇಲೆ ಉಗುರಿಗೆ ಸಿಗುವ ಮೆಟ್ಟಿಲು ಇದ್ದರೆ ಪಿನ್ ಬದಲಾಯಿಸಿ.

## ಹಂತ 6: ಬೋರ್, ಪಿಸ್ಟನ್, ರಿಂಗ್

ಮತ್ತೆ ಮತ್ತೆ ಎಡವುವ ಜಾಗ ಇದು, ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ಕೂರೋಣ.

ಹೋದ ವರ್ಷ ಕಲಘಟಗಿ ರೋಡಿನ ಒಂದು ಹಳ್ಳಿಯಿಂದ ಹಾಲಿನ ಕಾಕಾ ಒಬ್ಬರು ಸ್ಪ್ಲೆಂಡರ್ ತಂದರು. ದಿನಾ ನಾಲ್ಕು ಕ್ಯಾನು ಹೊತ್ತು ಹುಬ್ಬಳ್ಳಿಗೆ ಬರುವ ಗಾಡಿ. ಅದೇ ವರ್ಷ ಎಲ್ಲೋ ಹೊಸ ರಿಂಗ್ ಹಾಕಿಸಿದ್ದರು, ಎರಡು ತಿಂಗಳಿಗೆ ಮತ್ತೆ ಹೊಗೆ. "ತಮ್ಮಾ, ಹೊಗಿ ನಿಂತ್ರ ಸಾಕು ನೋಡು, ಅದು ಇದು ಹಚ್ಚಬ್ಯಾಡ" ಅಂದರು. ಬ್ಲಾಕ್ ತೆಗೆದು ಬೋರಿನ ಬಾಯಿಯ ಹತ್ತಿರ ಒಳಗಿನಿಂದ ಹೊರಗೆ ಉಗುರು ಎಳೆದೆ. ಟಕ್ ಅಂತ ಸಿಕ್ಕಿಕೊಂಡಿತು. ಅವರ ಬೆರಳನ್ನೂ ಹಿಡಿದು ಅಲ್ಲೇ ಆಡಿಸಿದೆ. ಹೆಡ್ ಕಡೆ ರಿಂಗ್ ಮುಟ್ಟದ ಒಂದು ಸಣ್ಣ ಪಟ್ಟಿ ಸವೆಯದೆ ಉಳಿದಿರುತ್ತದೆ, ಅದರ ಕೆಳಗೆ ಗೋಡೆ ತಗ್ಗಾಗಿರುತ್ತದೆ. ಆ ಮೆಟ್ಟಿಲೇ ಉಗುರಿಗೆ ಸಿಕ್ಕಿದ್ದು. ಹೊಸ ಮೇಲಿನ ರಿಂಗಿನ ಅಂಚು ಚೂಪಾಗಿರುವುದರಿಂದ ಆ ಮೆಟ್ಟಿಲಿಗೆ ಬಡಿಯಲೂಬಹುದು.

ಉಗುರು ಅನುಮಾನ ಹುಟ್ಟಿಸುತ್ತದೆ ಅಷ್ಟೆ. ತೀರ್ಮಾನಕ್ಕೆ ಫೀಲರ್ ಗೇಜ್ ಬೇಕು. ಹಳೆ ರಿಂಗನ್ನೇ ಬೋರಿನೊಳಗೆ ಇಟ್ಟು ಪಿಸ್ಟನ್ ತಲೆಯಿಂದ ನೂಕಿ, ಆಗ ರಿಂಗ್ ಓರೆಯಾಗದೆ ನೆಟ್ಟಗೆ ಕೂರುತ್ತದೆ. ಮೊದಲು ಕ್ರ್ಯಾಂಕ್‌ಕೇಸ್ ಕಡೆ, ರಿಂಗ್ ಓಡಾಡದ ಜಾಗದಲ್ಲಿ, ರಿಂಗಿನ ಎರಡು ತುದಿಗಳ ನಡುವಿನ ಸಂದು ಅಳೆಯಿರಿ. ಆಮೇಲೆ ಹೆಡ್ ಕಡೆ ಮೆಟ್ಟಿಲಿನ ಸ್ವಲ್ಪ ಒಳಗೆ ಅಳೆಯಿರಿ. ಎರಡರ ವ್ಯತ್ಯಾಸವನ್ನು 3.14ರಿಂದ ಭಾಗಿಸಿದರೆ ಬೋರ್ ಅಲ್ಲಿ ಎಷ್ಟು ಅಗಲವಾಗಿದೆ ಅನ್ನುವುದು ಸುಮಾರಾಗಿ ಸಿಗುತ್ತದೆ. ಕಾಕಾ ಗಾಡಿಯಲ್ಲಿ ಕೆಳಗೆ 0.31 ಮಿ.ಮೀ., ಮೇಲೆ 0.62 ಮಿ.ಮೀ. ವ್ಯತ್ಯಾಸ 0.31. ಭಾಗಿಸಿದರೆ ಹೆಚ್ಚುಕಡಿಮೆ 0.10 ಮಿ.ಮೀ. ಅಂದರೆ ಬೋರ್ ಲಾಳಿಕೆಯಾಗಿದೆ.

ಲಾಳಿಕೆಯಂತಹ ಬೋರಿನಲ್ಲಿ ಹೊಸ ರಿಂಗ್ ಏನು ಮಾಡೀತು? ಇಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುವಾಗ ರಿಂಗ್ ಸೆಕೆಂಡಿಗೆ 100 ಸಲ ಮೇಲೆ ಹೋಗಿ ಕೆಳಗೆ ಬರುತ್ತದೆ. ಪ್ರತಿ ಸಲವೂ ಅರಳಬೇಕು, ಮುದುಡಬೇಕು. ಆಗುವುದಿಲ್ಲ. ಗೋಡೆ ಬಿಟ್ಟು ತೇಲುತ್ತದೆ, ಎಣ್ಣೆ ಮೇಲೆ ಹತ್ತುತ್ತದೆ. ಕಾಕಾ ಅವರ ಎರಡು ತಿಂಗಳ ಕಥೆ ಇಷ್ಟೇ.

ಈ ಬೋರ್‌ಗೆ ಲೆಕ್ಕ ಹೀಗಿಟ್ಟುಕೊಳ್ಳಿ. ಹೊಸ ರಿಂಗಿನ ಸಂದು 0.10ರಿಂದ 0.25 ಮಿ.ಮೀ. ಇರುತ್ತದೆ. 0.50 ದಾಟಿದ ರಿಂಗ್ ಮತ್ತೆ ಹಾಕಬೇಡಿ. ಪಿಸ್ಟನ್ನನ್ನು ಕೆಳ ಅಂಚಿನಿಂದ ಸುಮಾರು 10 ಮಿ.ಮೀ. ಮೇಲೆ, ಪಿನ್‌ಗೆ ಅಡ್ಡಲಾಗಿ ಅಳೆಯಬೇಕು. ಪಿಸ್ಟನ್‌ಗೂ ಬೋರಿಗೂ ನಡುವೆ 0.10 ಮಿ.ಮೀ. ಮುಟ್ಟಿದರೆ ಬೋರಿಂಗ್ ಖಂಡಿತ. ಪಿಸ್ಟನ್‌ನ ರಿಂಗ್ ಕೂರುವ ತೋಡಿನಲ್ಲಿ ರಿಂಗ್ ಇಟ್ಟು ಪಕ್ಕಕ್ಕೆ ಫೀಲರ್ ತೂರಿಸಿ ನೋಡಿ. 0.12 ದಾಟಿದ್ದರೆ ಪಿಸ್ಟನ್ ಬಿಸಾಕಿ. ತೋಡಿನಲ್ಲಿರುವ ಮಸಿಯನ್ನು ಹಳೆ ರಿಂಗಿನ ತುಂಡಿನಿಂದಲೇ ಕೆರೆದು ತೆಗೆದು ಆಮೇಲೆ ಅಳೆಯಿರಿ, ಇಲ್ಲದಿದ್ದರೆ ಸುಳ್ಳು ಅಳತೆ.

ಈಗ ಮೂರು ದಾರಿ ಇವೆ.

ಬೋರ್ ನೇರ ಇದೆ, ಸಂದು ಸರಿ ಇದೆ, ಗೀರಿಲ್ಲ ಅಂದರೆ ಹಳೆ ಪಿಸ್ಟನ್, ಹಳೆ ರಿಂಗ್ ಇದ್ದ ಜಾಗಕ್ಕೇ, ಇದ್ದ ಮುಖದಲ್ಲೇ ಹಾಕಿ. ಹೋನಿಂಗ್ (ಬೋರಿನ ಗೋಡೆಯನ್ನು ಹಗುರವಾಗಿ ಉಜ್ಜಿ ಗೆರೆ ಮೂಡಿಸುವುದು) ಬೇಡ. ಒಂದಕ್ಕೊಂದು ಪಳಗಿದ ಜೋಡಿಯನ್ನು ಸುಮ್ನೆ ಯಾಕೆ ಕೆಡಿಸಬೇಕು?

ಬೋರ್ ಅಗಲವಾದದ್ದು 0.05ರ ಒಳಗೆ, ಪಿಸ್ಟನ್ ಚೆನ್ನಾಗಿದೆ, ರಿಂಗ್ ಮಾತ್ರ ಸವೆದಿದೆ ಅಂದರೆ ಹೊಸ ರಿಂಗ್ ಮತ್ತು ಹಗುರವಾದ ಹೋನಿಂಗ್. ಕನ್ನಡಿಯ ಹಾಗೆ ಹೊಳೆಯುವ ಬೋರಿಗೆ ಹೊಸ ರಿಂಗ್ ಪಳಗುವುದಿಲ್ಲ, ಅಡ್ಡಡ್ಡ ಸಣ್ಣ ಗೆರೆ ಬೇಕು. ಸೀಮೆಎಣ್ಣೆಯಲ್ಲಿ ನೆನೆಸಿದ ಎಮರಿ ಬಟ್ಟೆಯನ್ನು ಕೈಯಲ್ಲಿ ತಿರುಗಿಸುತ್ತಾ ಮೇಲೆ ಕೆಳಗೆ ಆಡಿಸಿ ಮಾಡುವವರಿದ್ದಾರೆ. ಹೊಳಪು ಮುರಿಯಲು ಅದು ಸಾಕು, ಮೆಟ್ಟಿಲು ತೆಗೆಯಲು ಅಲ್ಲ.

ಅದಕ್ಕೂ ಮೇಲಾದರೆ ಬೋರಿಂಗ್. ಓವರ್‌ಸೈಜ್ ಪಿಸ್ಟನ್ 0.25, 0.50, 0.75, 1.00 ಹೀಗೆ ಬರುತ್ತವೆ. ಕಡಿಮೆಯದರಲ್ಲಿ ಗೀರು ಹೋಗುವುದಾದರೆ ಅಲ್ಲೇ ನಿಲ್ಲಿಸಿ, ಮುಂದಿನ ಸಲಕ್ಕೆ ಬ್ಲಾಕ್ ಉಳಿಯುತ್ತದೆ. ಮತ್ತೆ, ದಯವಿಟ್ಟು ಮೊದಲು ಪಿಸ್ಟನ್ ಕೊಳ್ಳಿ, ಆಮೇಲೆ ಬ್ಲಾಕ್ ಮತ್ತು ಪಿಸ್ಟನ್ ಎರಡನ್ನೂ ಒಯ್ದು ಬೋರಿಂಗ್ ಅಂಗಡಿಯಲ್ಲಿ ಕೊಡಿ. ಆ ಪಿಸ್ಟನ್ ಅಳೆದೇ ಬೋರ್ ತೆಗೆಯಬೇಕು. ಮೊದಲೇ ಬೋರ್ ಮಾಡಿಸಿ ಆಮೇಲೆ ಪಿಸ್ಟನ್ ಹುಡುಕಿದರೆ, ಡಬ್ಬಿ ಮೇಲೆ 0.25 ಅಂತ ಇದ್ದರೂ ಒಳಗೆ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ.

ಹೋನಿಂಗ್ ಆಗಲಿ ಬೋರಿಂಗ್ ಆಗಲಿ, ಮುಗಿದ ಮೇಲೆ ಬಿಸಿನೀರು, ಸಾಬೂನು ಹಾಕಿ ಬ್ರಶ್‌ನಲ್ಲಿ ತಿಕ್ಕಿ ತೊಳೆಯಿರಿ. ಪೆಟ್ರೋಲ್ ಒರೆಸಿದರೆ ಸಾಲದು, ಕಲ್ಲಿನ ಪುಡಿ ಗೆರೆಗಳಲ್ಲೇ ಕೂತಿರುತ್ತದೆ. ಬಿಳಿ ಬಟ್ಟೆಗೆ ಎಣ್ಣೆ ಹಚ್ಚಿ ಒರೆಸಿ. ಬಟ್ಟೆ ಬೂದಾದರೆ ಮತ್ತೆ ತೊಳೆಯಿರಿ. ಬಿಳಿಯಾಗೇ ಬಂದ ಮೇಲೆ ತಕ್ಷಣ ಎಣ್ಣೆ ಹಚ್ಚಿಡಿ. ಧಾರವಾಡದ ಮಳೆಗಾಲದಲ್ಲಿ ರಾತ್ರಿ ಒಣಗಿಸಿಟ್ಟ ಬೋರ್ ಬೆಳಗಾಗುವಷ್ಟರಲ್ಲಿ ಕೆಂಪಗೆ ತುಕ್ಕು ಹಿಡಿದಿರುತ್ತದೆ.

## ಹಂತ 7: ಹೆಡ್ ಮತ್ತು ವಾಲ್ವ್

ದುಡ್ಡು ಉಳಿಸಲು ಒಳ್ಳೆಯ ಜಾಗ ಇದು. ವಾಲ್ವ್ ಸುಲಭಕ್ಕೆ ಸಾಯುವುದಿಲ್ಲ.

ವಾಲ್ವ್ ಬಿಚ್ಚುವ ಮೊದಲು ಹೆಡ್ಡನ್ನು ಮಗುಚಿ ಬಟ್ಟಲಿನಂತೆ ಇಟ್ಟು, ಪ್ಲಗ್ ಹಾಕಿ, ಸೀಮೆಎಣ್ಣೆ ತುಂಬಿಸಿ. ಐದು ನಿಮಿಷ ಬಿಟ್ಟು ಇನ್‌ಲೆಟ್, ಎಕ್ಸಾಸ್ಟ್ ದಾರಿಗಳಲ್ಲಿ ನೋಡಿ. ಒದ್ದೆಯಾದ ಕಡೆಯ ವಾಲ್ವ್ ಸೋರುತ್ತಿದೆ.

ಬಿಚ್ಚಿದ ವಾಲ್ವನ್ನು ಗಾಜಿನ ಮೇಲೆ ಉರುಳಿಸಿ, ಬಾಗಿದ್ದರೆ ಓಲಾಡುತ್ತದೆ. ಬಾಗಿದ್ದು, ಅಂಚು ಸುಟ್ಟು ಕಚ್ಚಿದಂತಾದದ್ದು, ಅಂಚು ಚಾಕುವಿನಂತೆ ತೆಳ್ಳಗಾದದ್ದು ಬೇಡ. ಎಕ್ಸಾಸ್ಟ್ ವಾಲ್ವ್ ಬಗ್ಗೆ ಅನುಮಾನ ಬಂದರೂ ಹೊಸದನ್ನೇ ಹಾಕಿ, ಅದರ ತಲೆ ಮುರಿದರೆ ಪಿಸ್ಟನ್, ಹೆಡ್ ಎಲ್ಲ ಹೋಯಿತು. ಉಳಿದದ್ದಕ್ಕೆ ಗ್ರೈಂಡಿಂಗ್ ಪೇಸ್ಟ್ ಸಾಕು. ಚೂರು ಪೇಸ್ಟ್ ಹಚ್ಚಿ, ಅಂಗೈಗಳ ನಡುವೆ ಕಡೆಗೋಲಿನ ಹಾಗೆ ಹಿಂದೆ ಮುಂದೆ ತಿರುಗಿಸಿ, ಆಗಾಗ ಎತ್ತಿ ಜಾಗ ಬದಲಿಸಿ. ಸುತ್ತಲೂ ಎಲ್ಲೂ ಕಡಿಯದ, ಸುಮಾರು 1 ಮಿ.ಮೀ. ಅಗಲದ ಬೂದು ಗೆರೆ ಬಂದರೆ ನಿಲ್ಲಿಸಿ. ಜಾಸ್ತಿ ಉಜ್ಜಿದರೆ ಗೆರೆ ಅಗಲವಾಗಿ ಸೀಟ್ ಕೆಡುತ್ತದೆ. ಪೇಸ್ಟ್ ಒಂದು ಕಣವೂ ಉಳಿಯದಂತೆ ತೊಳೆದು, ಮತ್ತೆ ಸೀಮೆಎಣ್ಣೆ ಪರೀಕ್ಷೆ.

ಗೈಡ್‌ನಲ್ಲಿ ವಾಲ್ವ್ ಸ್ವಲ್ಪ ಎತ್ತಿ ಅಕ್ಕಪಕ್ಕ ಆಡಿಸಿ. ಕಣ್ಣಿಗೆ ಕಾಣುವಷ್ಟು ಓಲಾಡಿದರೆ ಹೊಸ ಸೀಲ್ ಹಾಕಿದರೂ ಹೊಗೆ ನಿಲ್ಲುವುದಿಲ್ಲ, ಗೈಡ್ ಬದಲಾಯಿಸುವುದು ಮಷಿನ್ ಅಂಗಡಿಯ ಕೆಲಸ.

ಹೆಡ್ಡಿನ ಮುಖಕ್ಕೆ ಉಕ್ಕಿನ ಸ್ಕೇಲ್ ಅಡ್ಡ, ಉದ್ದ, ಓರೆ ಇಟ್ಟು ಕೆಳಗೆ 0.05ರ ಫೀಲರ್ ಹೋಗುತ್ತದಾ ನೋಡಿ. ಸ್ವಲ್ಪ ಹೋದರೆ ದಪ್ಪ ಗಾಜಿನ ಮೇಲೆ 400 ನಂಬರ್ ನೀರಿನ ಪೇಪರ್ ಇಟ್ಟು, ಎಂಟರ ಆಕಾರದಲ್ಲಿ ಹಗುರಾಗಿ ಉಜ್ಜಿದರೆ ಸರಿಯಾಗುತ್ತದೆ.

ಕ್ಯಾಮ್ ಉಬ್ಬು, ರಾಕರ್ ಮುಖ ಎರಡೂ ನುಣುಪಾಗಿದ್ದರೆ ಇಟ್ಟುಕೊಳ್ಳಿ. ಕೆತ್ತಿದಂತೆ ಗುಳಿ ಬಿದ್ದಿದ್ದರೆ ಎರಡನ್ನೂ ಜೋಡಿಯಾಗಿ ಬದಲಾಯಿಸಿ. ಒಂದನ್ನೇ ಬದಲಾಯಿಸಿದರೆ ಹಳೆಯದು ಹೊಸದನ್ನು ತಿನ್ನುತ್ತದೆ.

## ಹಂತ 8: ಕ್ಲಚ್, ಚೈನ್, ಗೇರ್, ಬೇರಿಂಗ್

ಕ್ಲಚ್ ಪ್ಲೇಟನ್ನು ಅಂಗಡಿಯಲ್ಲಿ ಹೊಸ ಪ್ಲೇಟಿನ ಪಕ್ಕ ಇಟ್ಟು ವರ್ನಿಯರ್‌ನಲ್ಲಿ ಅಳೆಯಿರಿ. ಅಂಚಿನ ತೋಡುಗಳು ಇನ್ನೂ ಕಾಣುತ್ತಿದ್ದರೆ, ಸುಟ್ಟ ವಾಸನೆ ಇಲ್ಲದಿದ್ದರೆ ಉಳಿಸಿ. ಕಬ್ಬಿಣದ ಪ್ಲೇಟ್ ಗಾಜಿನ ಮೇಲೆ ಇಟ್ಟು 0.20ರ ಫೀಲರ್ ತೂರಿದರೆ ಬಾಗಿದೆ ಅಂತ. ಕ್ಲಚ್ ಬಟ್ಟಲಿನ ಬೆರಳುಗಳ ಮೇಲೆ ಪ್ಲೇಟ್ ಬಡಿದು ಆದ ಕಚ್ಚುಗಳನ್ನು ಸಣ್ಣ ಅರದಿಂದ ನುಣುಪು ಮಾಡಿದರೆ ಸಾಕು, ಬಟ್ಟಲು ಕೊಳ್ಳಬೇಕಿಲ್ಲ.

ಟೈಮಿಂಗ್ ಚೈನ್ ಬಗ್ಗೆ ನನ್ನ ಮಾತು ಸ್ವಲ್ಪ ಕಟ್ಟುನಿಟ್ಟು. ಹಂತ 3ರಲ್ಲಿ ಗುರುತು ಕೂಡಿರಲಿಲ್ಲ ಅಂದರೆ ಹೊಸದು ಹಾಕಿ. ಮ್ಯಾಗ್ನೆಟ್ ಬಿಚ್ಚಿದರೆ ಸಿಗುವ ಚೈನು, ದುಬಾರಿಯೂ ಅಲ್ಲ. ಅದರ ಜೊತೆಗೆ ಟೆನ್ಷನರ್ ರಬ್ಬರಿನಲ್ಲಿ ಚೈನು ಆಳವಾಗಿ ಕೊರೆದಿದೆಯಾ ನೋಡಿ.

ಗೇರ್ ಹೋಗಿದೆಯೋ ಇಲ್ಲವೋ ಗಾಡಿಯೇ ಹೇಳಿರುತ್ತದೆ. ಗೇರ್ ಜಿಗಿಯುತ್ತಿರಲಿಲ್ಲ, ಕೂಗುತ್ತಿರಲಿಲ್ಲ ಅಂದರೆ ಕೇಸ್ ಬಿಚ್ಚಬೇಡಿ. ಬಿಚ್ಚಿದ್ದಾಗಿದ್ದರೆ ಗೇರ್‌ಗಳು ಒಂದಕ್ಕೊಂದು ಕಚ್ಚಿಕೊಳ್ಳುವ ಪಕ್ಕದ ಹಿಡಿಗಳ ಮೂಲೆ ನೋಡಿ: ಚೂಪಾಗಿದ್ದರೆ ಸರಿ, ದುಂಡಾಗಿದ್ದರೆ ಜಿಗಿಯುವುದು ಅದೇ. ಹಲ್ಲಿನ ಮುಖದಲ್ಲಿ ಗುಳಿ ಬಿದ್ದ ಗೇರ್ ಬೇಡ.

ಬೇರಿಂಗ್ ತೊಳೆದು ಒಣಗಿಸಿ, ಒಂದು ಹನಿ ತೆಳು ಎಣ್ಣೆ ಹಾಕಿ, ಕಿವಿಯ ಹತ್ತಿರ ಹಿಡಿದು ನಿಧಾನ ತಿರುಗಿಸಿ. ಮರಳು ಜಗಿದಂತೆ ಕರಕರ ಅಂದರೆ ಬಿಡಿ. ಕಂಪ್ರೆಸರ್ ಗಾಳಿ ಬಿಟ್ಟು ಗಿರ್ರನೆ ತಿರುಗಿಸುವ ಆಟ ಬೇಡ, ಚೆನ್ನಾಗಿರುವ ಬೇರಿಂಗ್ ಅದರಿಂದಲೇ ಕೆಡುತ್ತದೆ. ಹೊರ ಬಳೆ ಬಿಟ್ಟು ಒಳ ಬಳೆಗೆ ಬಡಿದು ಕೇಸಿನಿಂದ ಹೊರಗೆ ತೆಗೆದ ಬೇರಿಂಗ್ ಎಷ್ಟೇ ಚೆನ್ನಾಗಿ ಕಂಡರೂ ಮತ್ತೆ ಹಾಕಬೇಡಿ.

## ಹಂತ 9: ಎಂದೂ ಹಳೆಯದು ಹಾಕಬಾರದ್ದು

ಹೆಡ್ ಮತ್ತು ಬ್ಲಾಕ್ ಪ್ಯಾಕಿಂಗ್, ಬಿಚ್ಚಿದ ಆಯಿಲ್ ಸೀಲ್, ಓ ರಿಂಗ್, ವಾಲ್ವ್ ಸೀಲ್, ಪಿನ್‌ನ ಸರ್ಕ್ಲಿಪ್. ಇಷ್ಟೇ. ಎಲ್ಲ ಸೇರಿಸಿದರೂ ದೊಡ್ಡ ಖರ್ಚಲ್ಲ. ಹಳೆ ಪ್ಯಾಕಿಂಗ್‌ಗೆ ಶೆಲ್ಯಾಕ್ ಮೆತ್ತಿ ಹಾಕುವ ಅಭ್ಯಾಸ ಬಿಡಿ, ಹೆಚ್ಚಾದದ್ದು ಒಳಗೆ ಉದುರಿ ಎಣ್ಣೆಯ ದಾರಿ ಕಟ್ಟುತ್ತದೆ.

ಗುಜರಿಯಿಂದ ಸೆಕೆಂಡ್‌ಹ್ಯಾಂಡ್ ತರುವುದಾದರೆ ಕವರ್, ಕ್ಲಚ್ ಬಟ್ಟಲು, ಕಿಕ್ ಶಾಫ್ಟ್, ಸ್ಟ್ಯಾಂಡರ್ಡ್ ಅಳತೆಯಲ್ಲೇ ಇರುವ ಬ್ಲಾಕ್ ತನ್ನಿ. ಕ್ರ್ಯಾಂಕ್ ತರಬೇಡಿ. ಬ್ಲಾಕ್ ತರುವಾಗ ಅದರೊಳಗೆ ಬರುವ ಪಿಸ್ಟನ್ ತಲೆಯ ಮೇಲೆ ಏನು ಬರೆದಿದೆ ನೋಡಿ. 0.75 ಅಂತಿದ್ದರೆ ಆ ಬ್ಲಾಕಿನ ಆಯಸ್ಸು ಮುಗಿಯುತ್ತಾ ಬಂದಿದೆ.

## ಹಂತ 10: ಕೂಡಿಸುವುದು

ರಿಂಗಿನ ಗುರುತು ಪಿಸ್ಟನ್ ತಲೆಯ ಕಡೆ. ಮೂರು ರಿಂಗಿನ ಸಂದುಗಳು ಒಂದರಿಂದೊಂದು 120 ಡಿಗ್ರಿ ದೂರ. ಪಿಸ್ಟನ್ ತಲೆಯ ಮೇಲಿನ ಇನ್ ಗುರುತು ಇನ್‌ಲೆಟ್ ಕಡೆ, ಅಂದರೆ ಈ ಗಾಡಿಯಲ್ಲಿ ಮೇಲಕ್ಕೆ. ಸರ್ಕ್ಲಿಪ್ ಬಾಯಿ ಪಿಸ್ಟನ್‌ನ ಕಚ್ಚಿಗೆ ಎದುರಾಗದಿರಲಿ. ಪ್ರತಿ ಪಾರ್ಟಿಗೂ ಹೊಸ ಎಣ್ಣೆ ಹಚ್ಚಿಯೇ ಹಾಕಿ.

ಹೆಡ್ ನಟ್ ಅಡ್ಡಡ್ಡ ಕ್ರಮದಲ್ಲಿ, ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ. ಟೈಮಿಂಗ್ ಗುರುತು ಕೂಡಿಸಿ ಟೆನ್ಷನರ್ ಬಿಟ್ಟ ಮೇಲೆ ಮ್ಯಾಗ್ನೆಟನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ ಮತ್ತೆ ಗುರುತು ನೋಡಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಕಿಕ್ ಹೊಡೆಯಬೇಡಿ, ವಾಲ್ವ್ ಪಿಸ್ಟನ್‌ಗೆ ತಾಗುತ್ತಿದೆ. ಟ್ಯಾಪೆಟ್ (ರಾಕರ್‌ಗೂ ವಾಲ್ವ್‌ಗೂ ನಡುವಿನ ಸಂದು) ಇಂಜಿನ್ ತಣ್ಣಗಿರುವಾಗಲೇ ಹೊಂದಿಸಬೇಕು. ಎಣ್ಣೆ ನೋಡುವಾಗ ಕಡ್ಡಿಯನ್ನು ತಿರುಗಿಸಿ ಬಿಗಿಯದೆ ಸುಮ್ನೆ ಒಳಗೆ ಇಟ್ಟು ತೆಗೆದು ನೋಡಿ.

ಪ್ಲಗ್ ತೆಗೆದು ಮೂವತ್ತು ನಲವತ್ತು ಕಿಕ್ ಹೊಡೆಯಿರಿ. ಟ್ಯಾಪೆಟ್ ಮುಚ್ಚಳ ಬಿಚ್ಚಿ ರಾಕರ್ ಹತ್ತಿರ ಎಣ್ಣೆ ಬಂದಿದೆಯಾ ನೋಡಿ. ಬಂದ ಮೇಲೆಯೇ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ.

## ಹಂತ 11: ಮೊದಲ 500 ಕಿ.ಮೀ.

ಮೊದಲ ಹತ್ತು ನಿಮಿಷ ಸ್ವಲ್ಪ ಹೊಗೆ ಬಂದರೆ ಗಾಬರಿ ಬೇಡ, ಹಚ್ಚಿದ ಎಣ್ಣೆ ಸುಡುತ್ತಿರುತ್ತದೆ. ನಿಂತಲ್ಲೇ ಅರ್ಧ ತಾಸು ಓಡಿಸಿ ಬಿಡುವ ಪದ್ಧತಿ ಒಳ್ಳೆಯದಲ್ಲ. ಗಾಳಿ ಇಲ್ಲದೆ ಕಾಯುತ್ತದೆ, ರಿಂಗೂ ಪಳಗುವುದಿಲ್ಲ. ಸ್ವಲ್ಪ ಬಿಸಿಯಾದ ಕೂಡಲೇ ರೋಡಿಗೆ ಇಳಿಸಿ.

ಬೈಪಾಸ್ ಹಿಡಿದು ಒಂದೇ ವೇಗದಲ್ಲಿ ಎಳೆಯಬೇಡಿ. ಉಣಕಲ್, ನವನಗರ, ರಾಯಾಪುರ ಮೇಲೆ ಧಾರವಾಡಕ್ಕೆ ಹೋಗುವ ಹಳೆ ರೋಡ್ ಇದಕ್ಕೆ ಸರಿ. ಸಿಗ್ನಲ್, ಏರು, ಇಳಿಜಾರು ಇರುವುದರಿಂದ ಎಕ್ಸಲರೇಟರ್ ತಾನಾಗೇ ಹೆಚ್ಚುಕಡಿಮೆ ಆಗುತ್ತಿರುತ್ತದೆ. ಹಾಲಿನ ಕ್ಯಾನು, ಮೂರನೇ ಸವಾರಿ ಸ್ವಲ್ಪ ದಿನ ಬೇಡ. ಕಾಕಾಗೆ ಇದನ್ನು ಒಪ್ಪಿಸುವುದೇ ಬೋರಿಂಗ್‌ಗಿಂತ ಕಷ್ಟದ ಕೆಲಸವಾಯಿತು. ನಾಲ್ಕರ ಬದಲು ಎರಡು ಕ್ಯಾನಿಗೆ ರಾಜಿಯಾದೆವು.

ಗಾಡಿ ಒಮ್ಮೆಲೇ ಭಾರವಾಗಿ ಎಳೆಯಲು ಶುರು ಮಾಡಿದರೆ ತಕ್ಷಣ ಕ್ಲಚ್ ಹಿಡಿಯಿರಿ, ಪಿಸ್ಟನ್ ಹಿಡಿದುಕೊಳ್ಳುತ್ತಿದೆ. ನಿಲ್ಲಿಸಿ ತಣ್ಣಗಾಗಲು ಬಿಡಿ. ಹೊಸದಾಗಿ ಟಕಟಕ ಸದ್ದು ಬಂದರೆ ಮೊದಲು ಟ್ಯಾಪೆಟ್ ನೋಡಿ, ಅದು ಸರಿ ಇದ್ದೂ ಕೆಳಗಿನಿಂದ ದಪ್ಪ ಸದ್ದು ಬರುತ್ತಿದ್ದರೆ ಓಡಿಸಬೇಡಿ.

500 ಕಿ.ಮೀ.ಗೆ, ಎಣ್ಣೆ ಎಷ್ಟೇ ಚೆನ್ನಾಗಿ ಕಂಡರೂ ಇಳಿಸಿ. ಬಿಳಿ ತಾಟಿನಲ್ಲಿ ಹಿಡಿದು ಬಿಸಿಲಿಗೆ ಓರೆ ಮಾಡಿ, ತಳದಲ್ಲಿ ಆಯಸ್ಕಾಂತ ಆಡಿಸಿ. ಈ ಸಲ ಸ್ವಲ್ಪ ಬೂದು ಪುಡಿ ಇರುವುದು ಸಹಜ. ಉಗುರಿಗೆ ಸಿಗುವ ಚೂರು ಬಂದರೆ, ಇಲ್ಲವೇ ಮುಂದಿನ ಸಲ ಇಳಿಸಿದಾಗಲೂ ಅಷ್ಟೇ ಪುಡಿ ಬಂದರೆ, ಯಾವ ಯಾವ ಹಳೆ ಪಾರ್ಟು ಉಳಿಸಿದ್ದೀರಿ ಅಂತ ನೆನಪಿಸಿಕೊಂಡು ಗೇರ್, ಬೇರಿಂಗ್, ಕ್ಯಾಮ್ ಈ ಮೂರರಿಂದ ಹುಡುಕಲು ಶುರು ಮಾಡಿ.